ಎಡಗೈಯವನ ಕಲ್ಲು

"ನೀನು ಎಷ್ಟನೇ ಕ್ಲಾಸಿನವರೆಗೆ ಓದಿದೀಯಪ್ಪ?"

ಇತಿಹಾಸದ ಮೇಷ್ಟ್ರು ಇದನ್ನು ಕೇಳಿದ್ದು ನಲವತ್ತಮೂರು ಮಕ್ಕಳ ಎದುರಿಗೆ, ಹಳೇ ಕೊಳದ ಏಳನೇ ಮೆಟ್ಟಿಲ ಮೇಲೆ, ಬೆಳಗಿನ ಹತ್ತೂವರೆಯ ಬಿಸಿಲಿನಲ್ಲಿ. ಬೈದಿದ್ದರೆ ಒಂದು ತರ. ಅವರು ಬೈಯಲಿಲ್ಲ. ಜ್ವರದಲ್ಲಿ ಮಲಗಿದವನ ಹತ್ತಿರ ಮಾತ್ರೆ ತಗೊಂಡೆಯಾ ಎಂದು ವಿಚಾರಿಸುವಷ್ಟು ಮೆತ್ತಗೆ ಕೇಳಿದರು.

"ಎಂಟು," ಎಂದ ಗೈಡ್ ಕಲ್ಲಣ್ಣ.

"ಪಾಸಾ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಒಬ್ಬ ನಕ್ಕರೆ ನಲವತ್ತಮೂರು ಜನ ನಗುವ ವಯಸ್ಸು ಅದು.

"ಇಲ್ಲ ಸರ್. ಮಧ್ಯದಲ್ಲೇ ಬಿಟ್ಟೆ."

"ಸರಿ. ನಾನು ಎರಡು ಎಂ.ಎ. ಮಾಡಿದೀನಿ. ಇಪ್ಪತ್ತೆರಡು ವರ್ಷದಿಂದ ಇದನ್ನೇ ಪಾಠ ಮಾಡ್ತಿದೀನಿ. ಈ ಕೊಳ ಕಟ್ಟಿಸಿದ್ದು ದೊರೆ, ಒಂದೇ ವರ್ಷದಲ್ಲಿ. ಪುಸ್ತಕದಲ್ಲಿದೆ, ಪರೀಕ್ಷೆಗೂ ಬರತ್ತೆ. ನೀನು ಅರ್ಧ ಗಂಟೆಯಿಂದ ಎಡಗೈಯವನು ಎಡಗೈಯವನು ಅಂತಿದೀಯಲ್ಲ, ಅವನು ಯಾವ ಪುಸ್ತಕದಲ್ಲಿದಾನೆ?"

"ಪುಸ್ತಕದಲ್ಲಿಲ್ಲ ಸರ್. ಕಲ್ಲಲ್ಲಿದಾನೆ."

"ಹಾಗಾದ್ರೆ ಕಲ್ಲು ಓದೋಕೆ ಎಂಟನೇ ಕ್ಲಾಸ್ ಫೇಲ್ ಸಾಕು ಅನ್ನು." ಮೇಷ್ಟ್ರು ಮಕ್ಕಳ ಕಡೆ ತಿರುಗಿದರು. "ನೋಡಿದ್ರಾ? ಸರಿಯಾಗಿ ಓದ್ಲಿಲ್ಲ ಅಂದ್ರೆ ಇದೇ ಗತಿ. ಬಿಸಿಲಲ್ಲಿ ನಿಂತು ಕಂಡೋರ ಮಕ್ಕಳಿಗೆ ಕಥೆ ಹೊಡೀತಾ ಹೊಟ್ಟೆ ಹೊರೀಬೇಕಾಗತ್ತೆ."

ಕಲ್ಲಣ್ಣನದು ಇಪ್ಪತ್ತನಾಲ್ಕು ವರ್ಷದ ಮೈ, ಅದರಲ್ಲಿ ಆರು ವರ್ಷ ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ಚಪ್ಪಡಿ ಎತ್ತಿ ಗಟ್ಟಿಯಾದದ್ದು. ಒಂದು ಕೈ ಆಡಿಸಿದ್ದರೆ ಎರಡು ಎಂ.ಎ.ಗಳೂ ಕೊಳದ ತಳ ಸೇರುತ್ತಿದ್ದವು. ಅವನು ಕೈ ಆಡಿಸಲಿಲ್ಲ. ಕೈ ಆಡಿಸಿಬಿಡುತ್ತೇನೆ ಎಂದು ಹೆದರಿ, ನೀರಿನ ಬಾಟಲಿ ತೆಗೆದುಕೊಂಡು ಮೆಟ್ಟಿಲು ಹತ್ತಿ, ಮೇಲಿನ ನೀರಿನ ಡ್ರಮ್ಮಿನ ಹತ್ತಿರ ಹೋಗಿ ನಿಂತ. ಹತ್ತು ನಿಮಿಷ. ಗೋಡೆಗೆ ಹಣೆ ಒತ್ತಿ, ಬಾಯಲ್ಲಿ ನೀರು ತುಂಬಿಕೊಂಡು, ನುಂಗದೆ, ಉಗಿಯದೆ.

ಆ ಹತ್ತು ನಿಮಿಷದಲ್ಲೇ ಎಲ್ಲ ಕೆಟ್ಟಿತು.

ಕೆಟ್ಟದ್ದು ಏನೆಂದು ಹೇಳುವ ಮೊದಲು, ಇದ್ದದ್ದು ಏನು ಎಂದು ಹೇಳಬೇಕು. ಇದ್ದದ್ದು ಬಹಳವೇನಲ್ಲ. ಟೈರು ಅಂಗಡಿಯ ಮೇಲೆ ಒಂದು ಕೋಣೆ, ಕೋಣೆಯಲ್ಲಿ ಒಂದು ಮೇಜು, ಗೋಣಿಚೀಲದಲ್ಲಿ ನಲವತ್ತು ನೀರಿನ ಬಾಟಲಿ, ಮೊಳೆಗೆ ನೇತುಹಾಕಿದ ಹಳೇ ಟೋಪಿಗಳ ಗೊಂಚಲು, ಮತ್ತು ಅಕ್ಕ. ಮೂವತ್ತು ವರ್ಷ ಗ್ರಂಥಾಲಯದಲ್ಲಿ ಪುಸ್ತಕಕ್ಕೆ ನಂಬರು ಅಂಟಿಸಿ ನಿವೃತ್ತಳಾದ ಹೆಂಗಸು. ಒಡಹುಟ್ಟಿದವಳಲ್ಲ, ಆದರೆ ಟೈರು ಅಂಗಡಿಯವನಿಂದ ಹಿಡಿದು ಬಸ್ಸಿನ ಡ್ರೈವರನವರೆಗೆ ಎಲ್ಲರಿಗೂ ಅಕ್ಕ. ಅವಳು ನಡೆಸುತ್ತಿದ್ದ ಅಗ್ಗದ ಪ್ರವಾಸಕ್ಕೆ ರಸೀದಿಯಲ್ಲಿ ಉದ್ದದ ಹೆಸರಿತ್ತು, ಜನ ಕರೆಯುತ್ತಿದ್ದದ್ದು 'ಅಕ್ಕನ ಸುತ್ತಾಟ'. ಎರಡು ಬಸ್ ಟಿಕೆಟಿನಷ್ಟು ಕೊಟ್ಟರೆ ಅರ್ಧ ದಿನ: ಹಳೇ ಕೊಳ, ಕೊಳದ ಹಿಂದಿನ ಕುರುಚಲು ಕಾಡು, ಆಚೆಗೆ ನೀರು ನಿಂತ ಕಲ್ಲುಗಣಿಯ ಹೊಂಡ. ದೊಡ್ಡ ಶಾಲೆಗಳು ಇವರನ್ನು ಮೂಸಿಯೂ ನೋಡುತ್ತಿರಲಿಲ್ಲ. ಬರುತ್ತಿದ್ದವು ಒಂದೇ ಕೋಣೆಯಲ್ಲಿ ಎರಡು ತರಗತಿ ಕೂರಿಸುವ ಶಾಲೆಗಳು. ಭಾನುವಾರ ಬರುತ್ತಿದ್ದವರು ದರ್ಜಿಗಳು, ಕಂಡಕ್ಟರುಗಳು, ಆಸ್ಪತ್ರೆಯ ಆಯಾಗಳು, ಮಗುವನ್ನು ಸೊಂಟಕ್ಕೇರಿಸಿಕೊಂಡು, ಇಷ್ಟು ಕಡಿಮೆಗೆ ಕರೆದುಕೊಂಡು ಹೋಗಿ ಎಲ್ಲಿ ಬಿಟ್ಟುಬರುತ್ತಾರೋ ಎಂಬ ಅನುಮಾನದಲ್ಲಿ.

ಕಲ್ಲಣ್ಣ ಎಂಬ ಹೆಸರು ಇಟ್ಟವರು ಮಕ್ಕಳೇ. ಅಪ್ಪನ ಬೆನ್ನುಮೂಳೆ ಸರಿದ ವರ್ಷ ಶಾಲೆ ಬಿಟ್ಟು ಕಾರ್ಖಾನೆ ಸೇರಿದ್ದ. ಅಪ್ಪ ಆಮೇಲೆ ಮೇಲೇಳಲೇ ಇಲ್ಲ, ಎರಡು ವರ್ಷದಲ್ಲಿ ಹೋಗಿಬಿಟ್ಟ. ಕಾರ್ಖಾನೆ ಮಾತ್ರ ಉಳಿಯಿತು. ಅಡುಗೆಮನೆ ಕಟ್ಟೆಗೆ ಚಪ್ಪಡಿ ಕೊಯ್ಯುವುದು, ಉಜ್ಜುವುದು, ಹೊಳಪು ಕೊಡುವುದು. ಆ ಕೆಲಸ ಒಂದನ್ನು ಕಲಿಸಿತ್ತು: ಕಲ್ಲಿನ ಮೇಲೆ ಬಿದ್ದ ಪ್ರತಿ ಏಟಿಗೂ ಒಂದು ಕೈ ಇರುತ್ತದೆ. ಒಂದು ಭಾನುವಾರ ಸುಮ್ಮನೆ ಅಕ್ಕನ ಬಸ್ಸು ಹತ್ತಿ ಕೊಳಕ್ಕೆ ಬಂದವನು, ಗೋಡೆ ನೋಡಿ ಅಲ್ಲೇ ಕೂತುಬಿಟ್ಟ. ಎಲ್ಲರೂ ವಾಪಸು ಹೊರಟರೂ ಏಳಲಿಲ್ಲ. ಗೋಡೆಯ ಒಂದೊಂದು ಕಲ್ಲಿನ ಮೂಲೆಯಲ್ಲೂ ಹೆಬ್ಬೆರಳಿನಷ್ಟು ಗುರುತು. ಮೀನು, ಬಾಣ, ಏಣಿ, ಮೂರು ಚುಕ್ಕಿ. ಯಾರು ಯಾವ ಕಲ್ಲು ಕಡಿದರು ಎಂದು ಮೇಸ್ತ್ರಿಗೆ ತಿಳಿಯಲು ಹಾಕಿದ್ದು. ಇದನ್ನು ಅವನಿಗೆ ಯಾರೂ ಹೇಳಿಕೊಡಲಿಲ್ಲ; ಅವನ ಕಾರ್ಖಾನೆಯಲ್ಲೂ ಚಪ್ಪಡಿಯ ಹಿಂಬದಿಗೆ ಸೀಮೆಸುಣ್ಣದಲ್ಲಿ ಅದನ್ನೇ ಮಾಡುತ್ತಿದ್ದರು.

ಏಳು ವರ್ಷ ಬಂದ. ಒಂದು ನೋಟ್‌ಬುಕ್ಕಿನಲ್ಲಿ ನಲವತ್ತೊಂದು ಗುರುತು ಬರೆದುಕೊಂಡ. ಯಾರ ಕೈ ಯಾವ ಸಾಲಿನಿಂದ ಶುರುವಾಗುತ್ತದೆ, ಯಾವ ಸಾಲಿಗೆ ನಿಲ್ಲುತ್ತದೆ, ಎಲ್ಲಿ ಅದೇ ಗುರುತು ಇದ್ದಕ್ಕಿದ್ದಂತೆ ಒರಟಾಗುತ್ತದೆ: ಬಹುಶಃ ಮಗ, ಅಪ್ಪನ ಗುರುತು ಹಾಕಿಕೊಂಡು ಕೆಲಸಕ್ಕೆ ಬಂದದ್ದು. ಒಂದು ವರ್ಷದಲ್ಲಿ ಕಟ್ಟಿದ್ದಲ್ಲ ಇದು, ಎರಡು ತಲೆಮಾರು ಹಿಡಿದಿದೆ ಎಂದು ಅವನು ಲೆಕ್ಕ ಹಾಕಿದ. ಮತ್ತು ಅರ್ಧಚಂದ್ರದ ಗುರುತಿನವನು. ಬಲಗೈಯಲ್ಲಿ ಸುತ್ತಿಗೆ ಹಿಡಿದವನ ಉಳಿಯ ಗೆರೆ ಬಲದಿಂದ ಎಡಕ್ಕೆ ಇಳಿಯುತ್ತದೆ. ಅರ್ಧಚಂದ್ರದವನದ್ದು ಎಡದಿಂದ ಬಲಕ್ಕೆ. ಗೋಡೆಯಲ್ಲಿ ಅಂಥ ಐವತ್ತೆರಡು ಕಲ್ಲು. ಮಕ್ಕಳು ಅವನ್ನು ಹುಡುಕುತ್ತಿದ್ದರು, ಅಂಗೈಯಿಂದ ಸವರುತ್ತಿದ್ದರು, 'ಎಡಗೈಯವನು ಸಿಕ್ಕಿದ' ಎಂದು ಕೂಗುತ್ತಿದ್ದರು. ಅದನ್ನು ನೋಡಿ ಅಕ್ಕ ಅವನನ್ನು ಗೈಡ್ ಮಾಡಿಕೊಂಡದ್ದು ಮೂರನೇ ವರ್ಷದ ಕೊನೆಗೆ. ಕಾರ್ಖಾನೆ ಬಿಟ್ಟ. ಜೀವನದಲ್ಲಿ ಮೊದಲ ಸಲ ಯಾರೋ ಅವನು ಹೇಳಿದ್ದನ್ನು ಬರೆದುಕೊಂಡರು.

ಅವನದೇ ಒಂದು ನಿಯಮವಿತ್ತು: ಗೈಡ್ ಮುಂದೆ ನಡೆಯಬಾರದು, ಕೊನೆಯವನಾಗಿ ನಡೆಯಬೇಕು. ಮುಂದೆ ನಡೆದರೆ ಬೆನ್ನು ಮಾತ್ರ ಕಾಣುತ್ತದೆ. ಹಿಂದಿದ್ದರೆ ಯಾವ ಮಗು ಯಾವ ಕಲ್ಲಿನ ಹತ್ತಿರ ನಿಂತಿತು ಎಂದು ಕಾಣುತ್ತದೆ. ಕೊನೆಯ ಮಗುವಿಗಿಂತ ಹಿಂದೆ, ಕೈಗೆಟುಕುವಷ್ಟು ದೂರ. ನಾಲ್ಕು ವರ್ಷದಲ್ಲಿ ಆ ನಿಯಮ ಮುರಿದದ್ದು ಒಂದೇ ಸಲ.

ಇನ್ನೊಂದು ರೂಢಿ. ಬಸ್ಸಿನಲ್ಲೇ ಮಕ್ಕಳಿಗೆ ಹೇಳುತ್ತಿದ್ದ, "ನೀವೂ ಒಂದೊಂದು ಗುರುತು ಯೋಚನೆ ಮಾಡ್ಕೊಳ್ಳಿ. ನಿಮ್ಮದು ಅಂತ ನಿಮಗೇ ಗೊತ್ತಾಗಬೇಕು, ಪಕ್ಕದವರದ್ದು ಕದ್ದಿರಬಾರದು. ಕೊನೇಲಿ ಕಡಿಯೋಣ." ಕಡಿಯುವುದು ಎಲ್ಲಿ ಎಂದು ಹೇಳುತ್ತಿದ್ದದ್ದು ಕೊನೆಯ ಮೆಟ್ಟಿಲ ಮೇಲೆ. ಗೇಟಿನ ಪಕ್ಕ ಕಾರ್ಖಾನೆಯಿಂದ ತಂದ ಒಡೆದ ಚಪ್ಪಡಿಗಳ ರಾಶಿ ಇರುತ್ತಿತ್ತು. ಅದರಲ್ಲಿ ತಲಾ ಒಂದು ಚೂರು, ಮೊಳೆಯಿಂದ ಗೀಚಿ, ಮನೆಗೆ. ಈ ಗುಟ್ಟು ಮೊದಲೇ ಬಿಟ್ಟುಕೊಟ್ಟರೆ ಮಕ್ಕಳು ಗೋಡೆ ನೋಡದೆ ರಾಶಿಗೆ ಓಡುತ್ತಾರೆ ಎಂದು ಹಾಗೆ. ನಾಲ್ಕು ವರ್ಷದಲ್ಲಿ ಎಲ್ಲಿ ಎಂಬುದನ್ನು ಕೊನೆಗೆ ಹೇಳಿ ಯಾವತ್ತೂ ತೊಂದರೆಯಾಗಿರಲಿಲ್ಲ, ಏಕೆಂದರೆ ಕೊನೆಯವರೆಗೂ ಅವನು ಅಲ್ಲೇ ಇರುತ್ತಿದ್ದ.

ಇಷ್ಟು ಸಾಕು. ಅವನು ಬಾಯಲ್ಲಿದ್ದ ನೀರು ಉಗಿದು ಕೆಳಗಿಳಿದು ಬಂದ.

ಮೇಷ್ಟ್ರು ನೆರಳಿನಲ್ಲಿ ಬೆನ್ನು ಹಾಕಿ ನಿಂತು ಫೋನಿನಲ್ಲಿ ಯಾರಿಗೋ ಪಾಲಿಸಿ ಕಂತಿನ ವಿಷಯ ವಿವರಿಸುತ್ತಿದ್ದರು. ಮಕ್ಕಳು ಗೋಡೆಗೆ ಮುಖ ಮಾಡಿ ಸಾಲಾಗಿ ಕೂತಿದ್ದರು, ಎಂದೂ ಇಲ್ಲದಷ್ಟು ಸದ್ದಿಲ್ಲದೆ. ಅವರ ಕೈಯಲ್ಲಿ ಜಾಮಿಟ್ರಿ ಬಾಕ್ಸಿನ ಕೈವಾರಗಳಿದ್ದವು. ಕರ್ರ್ ಕರ್ರ್ ಎಂಬ ಸದ್ದು. ಆ ಸದ್ದು ಅವನಿಗೆ ಗೊತ್ತಿದ್ದ ಸದ್ದು.

"ಅಣ್ಣಾ, ನಂದು ಮುಗೀತು, ನೋಡಿ," ಎಂದಳು ಎರಡು ಜಡೆಯ ಹುಡುಗಿ.

ಅರ್ಧ ಗಂಟೆ ಮುಂಚೆ ಇದೇ ಹುಡುಗಿ, "ಅಣ್ಣಾ, ಕಲ್ಲನ್ನ ತಲೆಕೆಳಗಾಗಿ ಇಟ್ಟಿದ್ರೆ ಬಲಗೈಯವನೇ ಎಡಗೈಯವನ ತರ ಕಾಣಲ್ವಾ?" ಎಂದು ಕೇಳಿದ್ದಳು. ನಾಲ್ಕು ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲ ಮಗು. ಅವನು ಉತ್ತರ ಹೇಳದೆ ಅವಳ ನೋಟ್‌ಬುಕ್ಕಿನಲ್ಲಿ ಓರೆ ಗೆರೆಗಳನ್ನು ಎಳೆದು, ತಿರುಗಿಸಿ ನೋಡು ಎಂದಿದ್ದ. ಅವಳು ಪುಸ್ತಕ ತಲೆಕೆಳಗು ಮಾಡಿ ನೋಡಿದಳು. ಗೆರೆ ಅದೇ ಕಡೆ ವಾಲಿತ್ತು. ಮತ್ತೆ ತಿರುಗಿಸಿದಳು. "ಅಯ್ಯೋ, ತಪ್ಪಿಸ್ಕೊಳ್ಳೋಕೇ ಆಗಲ್ಲ ಅವನಿಗೆ," ಎಂದಳು. ಆ ಮಾತಿಗೆ ಅವನು ನಕ್ಕದ್ದು ಕೇಳಿಯೇ ಮೇಷ್ಟ್ರು ಮೆಟ್ಟಿಲು ಇಳಿದು ಬಂದದ್ದು.

ಈಗ ಅವಳು ತೋರಿಸುತ್ತಿದ್ದದ್ದು ಒಂದು ಎಲೆ, ಅದರ ನರಗಳ ಸಮೇತ, ಎಡಗೈಯವನ ಕಲ್ಲಿನ ನಟ್ಟನಡುವೆ. ಚೆನ್ನಾಗಿ ಬಂದಿತ್ತು. ಅದೇ ಸಂಕಟ. ಅವಳ ಕೈ ನೆಟ್ಟಗಿತ್ತು, ಒತ್ತು ಒಂದೇ ಸಮ. ಕಪ್ಪು ಕಲ್ಲಿನ ಮೇಲೆ ಆ ಎಲೆ ಚರ್ಮ ಕೆರೆದ ಗೀರಿನ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಅದರ ಪಕ್ಕ ನಕ್ಷತ್ರ, ಬ್ಯಾಟು, ಬೆಕ್ಕಿನ ಮುಖ, ಹೃದಯ, ಮತ್ತೊಂದು ಹೃದಯ. ಮೂವತ್ತೊಂದು. ಹನ್ನೆರಡು ಮಕ್ಕಳ ಬಳಿ ಕೈವಾರ ಇರಲಿಲ್ಲ. ಅವರು ಸರದಿ ಕಾಯುತ್ತಿದ್ದರು.

"ಇಲ್ಲೇ ಕಡಿಯೋದು ಅಲ್ವಾ ಅಣ್ಣ?" ಎಂದಳು ಹುಡುಗಿ, ಅವನ ಮುಖ ನೋಡಿ.

"ಎದ್ದೇಳಿ," ಎಂದ ಅವನು.

ಮೇಷ್ಟ್ರು ಫೋನ್ ಇಳಿಸಿ ತಿರುಗಿದರು, ಗೋಡೆ ನೋಡಿದರು. ಆಮೇಲೆ ಚಪ್ಪಾಳೆ ತಟ್ಟಿ, "ಲೈನ್, ಲೈನ್, ಬಸ್ಸಿಗೆ," ಎಂದು ಮಕ್ಕಳನ್ನು ಕೋಳಿಮರಿ ಅಟ್ಟಿದಂತೆ ಮೇಲಕ್ಕೆ ಅಟ್ಟಿದರು. ಹೋಗುವಾಗ ಒಂದು ಸಲವೂ ಹಿಂತಿರುಗಲಿಲ್ಲ.

ಕಲ್ಲಿಗೆ ಬಿದ್ದ ಗೆರೆ ಹೋಗುವುದಿಲ್ಲ ಎಂದು ಕಲ್ಲಣ್ಣನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಉಜ್ಜಿದರೆ ಹೋಗುತ್ತದೆ, ಆದರೆ ಜೊತೆಗೆ ನಾನೂರು ವರ್ಷದ ಉಳಿಯ ಗೆರೆಯೂ ಹೋಗುತ್ತದೆ. ಕಾರ್ಖಾನೆಯಲ್ಲಿ ಚಪ್ಪಡಿಯ ಅಂಚು ಕಿತ್ತರೆ ಗಿರಾಕಿಗೆ ಕಾಣದಂತೆ ಒದ್ದೆ ಮಣ್ಣು ತಿಕ್ಕುತ್ತಿದ್ದರು, ಒಂದೆರಡು ಮಳೆ ಕಳೆದರೆ ಬಣ್ಣ ಹಿಡಿಯುತ್ತದೆ ಎಂದು. ಕೈ ತಾನಾಗಿಯೇ ಆ ಕೆಲಸಕ್ಕೆ ಇಳಿಯಿತು. ಕೊಳದ ತಳದಿಂದ ಕೆಸರು ಬಾಚಿ ತಂದು ಎಲೆಯ ಮೇಲೆ ತಿಕ್ಕಿದ, ನಕ್ಷತ್ರದ ಮೇಲೆ ತಿಕ್ಕಿದ. ಬೆಕ್ಕಿಗೆ ಬರುವಷ್ಟರಲ್ಲಿ ಶಿಳ್ಳೆಯ ಸದ್ದು ಕೇಳಿಸಿತು.

ಕೊಳದ ಕಾವಲುಗಾರನನ್ನು ಎಲ್ಲರೂ ಶಿಳ್ಳೆ ಎಂದೇ ಕರೆಯುತ್ತಿದ್ದದ್ದು. ಕೆಲಸಕ್ಕೆ ಸೇರಿದ ದಿನ ಕೊಟ್ಟ ಪೀಪಿಯನ್ನು ಅವನು ಎಲ್ಲದಕ್ಕೂ ಊದುತ್ತಿದ್ದ. ಹೆಂಡತಿ ಬುತ್ತಿ ತಂದರೂ ಊದುತ್ತಿದ್ದ. ಆ ದಿನ ಊದಿದ್ದರಲ್ಲಿ ತಮಾಷೆ ಇರಲಿಲ್ಲ. ಫೋನ್ ಎತ್ತಿ ಫೋಟೋ ತೆಗೆದುಕೊಂಡ. ಫೋಟೋದಲ್ಲಿ ಮಕ್ಕಳಿಲ್ಲ, ಮೇಷ್ಟ್ರಿಲ್ಲ. ಗೋಡೆ ಇದೆ, ಗೀರುಗಳಿವೆ, ಮೊಣಕೈವರೆಗೆ ಕೆಸರು ಮೆತ್ತಿಕೊಂಡ ಒಬ್ಬ ಗಂಡಸಿದ್ದಾನೆ.

"ತಪ್ಪು ತಿಳ್ಕೋಬೇಡ ಕಣೋ," ಎಂದ ಶಿಳ್ಳೆ. "ನಂಗೂ ನೌಕರಿ ಇದೆ."

ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಟೈರು ಅಂಗಡಿಯಿಂದ ರಬ್ಬರಿನ ವಾಸನೆ ಮೇಲಕ್ಕೆ ಬರುತ್ತಿತ್ತು. ಅವನು ಮೇಷ್ಟ್ರ ಮಾತನ್ನು ಹೇಳಲಿಲ್ಲ. ಬಾಯಾರಿಕೆ ಎಂದು ಮೇಲೆ ಹೋಗಿದ್ದೆ ಎಂದ.

"ನಿನಗೆ ಬಾಯಾರಿಕೆಯಾದ್ರೆ ಬಾಟ್ಲಿ ಸೊಂಟದಲ್ಲೇ ಇರತ್ತೆ," ಎಂದಳು ಅಕ್ಕ. "ಏನಂದ್ರು ಅವ್ರು?"

ಹೇಳಿದ. ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು, ಅದು ಕೊಳೆಯಾಗಿಲ್ಲದಿದ್ದರೂ.

"ಅವ್ರ ಬಾಯಿಗಿಷ್ಟು ಮಣ್ಣು ಹಾಕ. ಆದ್ರೆ ನೀನು ಹತ್ತು ನಿಮಿಷ ಹಲ್ಲು ಕಚ್ಕೊಂಡು ಅಲ್ಲೇ ನಿಂತಿದ್ರೆ ಆಗಿರೋದು. ಮಕ್ಕಳನ್ನ ಬಿಟ್ಟು ಹೋದೆಯಲ್ಲೋ."

"ಹೋಗದೇ ಇದ್ದಿದ್ರೆ ಹೊಡೀತಿದ್ದೆ ಅಕ್ಕ."

"ಹೊಡೆದಿದ್ರೂ ಇಷ್ಟು ನಷ್ಟ ಆಗ್ತಿರ್ಲಿಲ್ಲ," ಎಂದಳು. ಹೇಳಿದ ಮೇಲೆ ಅವಳಿಗೇ ನಗು ಬಂತು, ಅರ್ಧದಲ್ಲೇ ನಿಂತುಹೋಯಿತು.

ಕರೆ ಬಂದದ್ದು ಒಂಬತ್ತನೇ ದಿನ. ಕೊಳದ ಉಸ್ತುವಾರಿ ನೋಡುವ ಇಲಾಖೆಯ ಸಾಹೇಬರ ಕೋಣೆಯಲ್ಲಿ ನಾಲ್ಕು ಕುರ್ಚಿಗಳಿದ್ದವು. ಸಾಹೇಬರು ಒಂದರಲ್ಲಿ, ಮೇಷ್ಟ್ರು ಒಂದರಲ್ಲಿ, ಅಕ್ಕ ಒಂದರಲ್ಲಿ. ನಾಲ್ಕನೆಯದರ ಮೇಲೆ ಫೈಲುಗಳು ಕೂತಿದ್ದವು. ಕಲ್ಲಣ್ಣ ನಿಂತ. ಅಮ್ಮ ಅವತ್ತು ಬೆಳಿಗ್ಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಗೆ ಕೆಲಸಕ್ಕೆ ಹೋಗುವ ಮುಂಚೆ ಅವನ ಅಂಗಿಗೆ ಇಸ್ತ್ರಿ ಹಾಕಿ, "ಬಗ್ಗಿ ಮಾತಾಡು. ಬಗ್ಗಿದ್ರೆ ನಿನ್ನ ಬೆನ್ನೇನೂ ಮುರಿಯಲ್ಲ," ಎಂದಿದ್ದಳು. ಬೆನ್ನು ಮುರಿದ ಗಂಡನನ್ನು ನೋಡಿಕೊಂಡವಳು ಹೇಳಿದ ಮಾತು.

ಅವನು ನೋಟ್‌ಬುಕ್ ತಂದಿದ್ದ. ಅದೇ ಅವನ ಧೈರ್ಯ. ಏಳು ವರ್ಷದ ಕೆಲಸ ಕಣ್ಣಾರೆ ನೋಡಿದರೆ ಯಾವ ಓದಿದ ಮನುಷ್ಯನೂ ಇವನು ಗೋಡೆ ಕೆಡಿಸುವವನಲ್ಲ ಎಂದು ಒಪ್ಪಲೇಬೇಕು, ಕೊಳದಲ್ಲಿ ನಡೆಯಲು ಬಿಡಲೇಬೇಕು ಎಂದು ರಾತ್ರಿಯೆಲ್ಲ ಲೆಕ್ಕ ಹಾಕಿದ್ದ. ಬೇರೇನೂ ಬೇಡವಾಗಿತ್ತು ಅವನಿಗೆ. ಸಂಬಳ ಅರ್ಧ ಮಾಡಲಿ, ದಂಡ ಹಾಕಲಿ. ಕೊಳದಲ್ಲಿ ಮಕ್ಕಳ ಹಿಂದೆ ನಡೆಯಲು ಬಿಟ್ಟರೆ ಸಾಕು.

ಸಾಹೇಬರು ಕೆಟ್ಟವರಲ್ಲ. ಎಲ್ಲರಿಗೂ ನೀರು ತರಿಸಿದರು. "ಮಕ್ಕಳಿಗೆ ಗುರುತು ಹಾಕೋಕೆ ಹೇಳಿದ್ದು ಯಾರು?"

"ನಾನೇ ಸರ್. ಆದ್ರೆ ಗೋಡೆ ಮೇಲಲ್ಲ, ಗೇಟಿನ ಹತ್ರ ಬೇರೆ ಚಪ್ಪಡಿ—"

"ಗೋಡೆ ಮೇಲೆ ಬೇಡ ಅಂತ ಹೇಳಿದ್ರಾ?"

"...ಇಲ್ಲ. ಕೊನೇಲಿ ಹೇಳ್ತೀನಿ ಸರ್, ಯಾವಾಗ್ಲೂ."

"ಆಗ ನೀವೆಲ್ಲಿದ್ರಿ?"

"ಮೇಲೆ. ನೀರಿನ ಡ್ರಮ್ ಹತ್ರ."

"ಯಾಕೆ?"

ಅವನು ಮೇಷ್ಟ್ರನ್ನು ನೋಡಿದ. ಮೇಷ್ಟ್ರು ತಲೆಯ ಮೇಲಿನ ಫ್ಯಾನನ್ನು ನೋಡುತ್ತಿದ್ದರು, ಅದರಲ್ಲಿ ಏನೋ ಬರೆದಿದೆ ಎಂಬಂತೆ. ಯಾಕೆ ಎಂದು ಹೇಳಬೇಕಾದರೆ ಆ ಮಾತನ್ನು ಇವನೇ ತನ್ನ ಬಾಯಿಂದ ಮತ್ತೊಮ್ಮೆ ಆಡಬೇಕು. ಎಂಟನೇ ಕ್ಲಾಸು, ಪಾಸಾ, ಕಂಡೋರ ಮಕ್ಕಳು. ಸಾಹೇಬರ ಎದುರು, ಬಾಗಿಲಲ್ಲಿ ನಿಂತ ಜವಾನನ ಎದುರು. ನಲವತ್ತಮೂರು ಜನ ಕೇಳಿದ್ದು ಸಾಲದು ಎಂಬಂತೆ.

"ಬಾಯಾರಿಕೆ," ಎಂದ.

"ಸರ್, ನಾನಂತೂ ಮಕ್ಕಳ ಜೊತೆಗೇ ಇದ್ದೆ," ಎಂದರು ಮೇಷ್ಟ್ರು. "ಆದ್ರೆ ಗೈಡ್ ಹೇಳಿದ್ದಾರಲ್ಲ, ಏನೋ ಚಟುವಟಿಕೆ ಇರಬೇಕು ಅಂದ್ಕೊಂಡೆ. ನಂಬಿದ್ದೇ ತಪ್ಪಾಯ್ತು."

"ಫೋನಲ್ಲಿದ್ರಿ," ಎಂದ ಕಲ್ಲಣ್ಣ.

"ಶಾಲೆಯ ಕರೆ ಬಂದಿತ್ತು ಸರ್," ಎಂದರು ಮೇಷ್ಟ್ರು ಸಾಹೇಬರಿಗೆ. ಅವನಿಗಲ್ಲ.

ಆಗ ಅವನು ನೋಟ್‌ಬುಕ್ ಮೇಜಿನ ಮೇಲೆ ಇಟ್ಟ. ಬಗ್ಗಿಯೇ ಇಟ್ಟ. "ಸರ್, ಇದನ್ನೊಂದು ಸಲ ನೋಡಿ. ಏಳು ವರ್ಷದ್ದು."

ಸಾಹೇಬರು ತೆರೆದರು. ಒಂದು ಪುಟ ತಿರುವಿದರು. ಮೀನು, ಬಾಣ, ಏಣಿ. ಇನ್ನೊಂದು ಪುಟ. ಮೂರು ಚುಕ್ಕಿ, ಅರ್ಧಚಂದ್ರ. ನೋಟ್‌ಬುಕ್ಕಿನಿಂದ ಫೋಟೋಗೆ, ಫೋಟೋದಿಂದ ನೋಟ್‌ಬುಕ್ಕಿಗೆ ಕಣ್ಣು ಹಾಯಿಸಿದರು. ಫೋಟೋದಲ್ಲಿ ಬೆಕ್ಕು, ಬ್ಯಾಟು, ಹೃದಯ.

"ಅಂದ್ರೆ ಈ ಗುರುತು ಹಾಕೋ ಕೆಲಸ ಏಳು ವರ್ಷದಿಂದ ನಡೀತಿದೆ," ಎಂದರು.

ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಅಕ್ಕನಿಗೆ ಆಯಿತು. "ಅಯ್ಯೋ ಸರ್, ಅವು ಗೋಡೆ ಮೇಲೆ ಮೊದಲಿಂದಾನೂ ಇರೋವು. ಕಟ್ಟಿದೋರು ಹಾಕಿದ್ದು. ಇವನು ನೋಡಿ ಬರ್ಕೊಂಡಿದಾನೆ ಅಷ್ಟೇ."

"ನಮ್ಮ ಇಲಾಖೆ ಪುಸ್ತಕದಲ್ಲಿ ಅಂಥ ಗುರುತಿನ ವಿಷಯ ಎಲ್ಲೂ ಇಲ್ಲವಲ್ಲ ಅಮ್ಮ."

"ಹೋಗಿ ನೋಡಿ ಸರ್," ಎಂದ ಕಲ್ಲಣ್ಣ. ಧ್ವನಿ ಏರಿತ್ತು. "ಕಣ್ಣಿದ್ರೆ ಸಾಕು, ಹೋಗಿ ನೋಡಿ."

ಸಾಹೇಬರು ನೋಟ್‌ಬುಕ್ ಮುಚ್ಚಿ ಫೈಲಿನ ಮೇಲಿಟ್ಟರು. ಮೇಷ್ಟ್ರು, "ನೋಡಿ ಸರ್, ಇದೇ ಮಾತು," ಎಂದು ನಿಟ್ಟುಸಿರು ಬಿಟ್ಟರು.

ಆಮೇಲಿನದೆಲ್ಲ ಬೇಗ ಮುಗಿಯಿತು. ಸಾಹೇಬರು ಅಕ್ಕನಿಗೆ ಮಾತ್ರ ಹೇಳುತ್ತ ಹೋದರು. ಅಗ್ಗದ ಪ್ರವಾಸ ಒಳ್ಳೆಯ ಕೆಲಸ, ಅದನ್ನು ನಿಲ್ಲಿಸುವ ಮನಸ್ಸು ಇಲಾಖೆಗಿಲ್ಲ. ಗೋಡೆಯಿಂದ ಹತ್ತಡಿ ದೂರಕ್ಕೆ ತಂತಿಬೇಲಿ ಬರುತ್ತದೆ. ಇನ್ನು ಮುಂದೆ ಪ್ರಮಾಣಪತ್ರ ಇರುವ ಗೈಡ್ ಮಾತ್ರ, ಇಲಾಖೆ ಪುಸ್ತಕದಲ್ಲಿರುವಷ್ಟು ಮಾತ್ರ. ಪ್ರಮಾಣಪತ್ರದ ಪರೀಕ್ಷೆಗೆ ಕೂರಲು ಹತ್ತನೇ ಕ್ಲಾಸು ಪಾಸಾಗಿರಬೇಕು. ಈ ಹುಡುಗ ಕೊಳದ ಆವರಣದಲ್ಲಿ ಯಾರಿಗೂ ಏನೂ ವಿವರಿಸಕೂಡದು. ವಿವರಿಸಿದ್ದು ಗೊತ್ತಾದ ದಿನ ಅನುಮತಿ ರದ್ದು. ಒಪ್ಪಿಗೆಯಾದರೆ ಇಲ್ಲಿ ಸಹಿ ಮಾಡಿ.

ಅಕ್ಕ ಪೆನ್ನು ಕೈಯಲ್ಲಿ ಹಿಡಿದು ಅವನ ಕಡೆ ನೋಡಿದಳು. ಬಹಳ ಹೊತ್ತೇನಲ್ಲ. ಸಹಿ ಮಾಡಿದಳು.

"ನನ್ನ ನೋಟ್‌ಬುಕ್," ಎಂದ ಅವನು.

"ಅದು ಸಾಕ್ಷ್ಯ. ಪ್ರಕರಣ ಮುಗಿದ ಮೇಲೆ ಕೊಡ್ತೀವಿ."

"ಯಾವಾಗ ಮುಗಿಯತ್ತೆ ಸರ್?"

"ಅದಕ್ಕೆ ಇನ್ನೂ ನಂಬರೇ ಬಿದ್ದಿಲ್ಲ ಕಣಪ್ಪ," ಎಂದರು ಸಾಹೇಬರು, ನಿಜಕ್ಕೂ ಪಾಪ ಎನಿಸಿದವರ ಹಾಗೆ. ಜವಾನ ಬಂದು ಫೈಲಿಗೆ ದಾರ ಕಟ್ಟಿದ. ಗಂಟು ಬಿಗಿ ಬರಲೆಂದು ನೋಟ್‌ಬುಕ್ಕನ್ನು ಬೆರಳಿಂದ ಒತ್ತಿ ಹಿಡಿದುಕೊಂಡ.

ಮೆಟ್ಟಿಲಿಳಿಯುವಾಗ ಅಕ್ಕ ಎರಡು ಸಲ ನಿಂತಳು, ಮೊಣಕಾಲು ನೋವೆಂದು.

"ವರ್ಷಕ್ಕೆ ಎಷ್ಟು ಮಕ್ಕಳು ಬರ್ತಾರೆ ಅಂತ ನಿನಗೇ ಗೊತ್ತು. ನಾವು ಬಿಟ್ರೆ ಅವರನ್ನ ಯಾರು ಎಲ್ಲಿಗೆ ಕರ್ಕೊಂಡು ಹೋಗ್ತಾರೆ ಹೇಳು. ನಾನು ಸಹಿ ಹಾಕದೇ ಇದ್ರೆ ನಿನಗೇನಾದ್ರೂ ಸಿಗ್ತಿತ್ತಾ?"

"ಇಲ್ಲ."

"ಮತ್ತೆ?"

"ನಾನೇನೂ ಅಂದಿಲ್ಲವಲ್ಲ."

"ಅದೇ ನನಗೆ ಹೆದರಿಕೆ." ಅವಳು ಕಟಾಂಜನ ಹಿಡಿದು ಮತ್ತೊಂದು ಮೆಟ್ಟಿಲಿಳಿದಳು. "ಭಾನುವಾರ ಬಾರೋ. ಬಾಟ್ಲಿ ಹೊರೋಕೆ, ತಲೆ ಎಣಿಸೋಕೆ ಯಾರಾದ್ರೂ ಬೇಕು. ಕೊಳದಲ್ಲಿ ಇರಬಹುದಲ್ಲ, ಸುಮ್ನೆ."

ಅವಳು ಹೇಳಿದ್ದೆಲ್ಲ ಸರಿಯಾಗಿತ್ತು. ತಪ್ಪಾಗಿದ್ದರೆ ಬೈದು ಹಗುರಾಗಬಹುದಿತ್ತು.

ಆ ಶಾಲೆಯಲ್ಲಿ ನಲವತ್ತಮೂರು ಮಕ್ಕಳಿಗೂ 'ನಾನು ಇನ್ನು ಮುಂದೆ ಗೋಡೆ ಮುಟ್ಟುವುದಿಲ್ಲ' ಎಂದು ಇನ್ನೂರು ಸಲ ಬರೆಸಿದರಂತೆ. ಎರಡು ಜಡೆಯ ಹುಡುಗಿಯ ತಾಯಿ ಅಮ್ಮನ ಜೊತೆಗೇ ಬಟ್ಟೆ ಒಗೆಯುವವಳು. ಅಮ್ಮ ಬಂದು ಹೇಳಿದಳು. ಹುಡುಗಿ ಬರೆದು ಮುಗಿಸಿ, ಪುಸ್ತಕ ತಲೆಕೆಳಗು ಮಾಡಿ ನೋಡಿದಳೇ ಎಂದು ಕೇಳಬೇಕೆನಿಸಿತು ಅವನಿಗೆ. ಕೇಳಲಿಲ್ಲ. ಪ್ರವಾಸ ಎಂದರೆ ಈಗ ಅವಳು ಬೇಡ ಅನ್ನುತ್ತಾಳಂತೆ.

ಕಾರ್ಖಾನೆಯ ಮಾಲೀಕ ಮರುಮಾತಿಲ್ಲದೆ ಮತ್ತೆ ಸೇರಿಸಿಕೊಂಡ. "ಬಾ ಪ್ರೊಫೆಸರ್," ಎಂದ ಮೊದಲ ದಿನ. ಜೊತೆಯವರು ನಕ್ಕರು, ಅವನೂ ನಕ್ಕ. ಎರಡನೇ ದಿನವೂ ಪ್ರೊಫೆಸರ್, ಮೂರನೇ ದಿನವೂ. ಅಲ್ಲಿಗೆ ಹೆಸರು ಗಟ್ಟಿಯಾಯಿತು. ದಿನಕ್ಕೆ ಹದಿನಾರು ಚಪ್ಪಡಿ. ಮಷಿನ್ನಿನ ಚಕ್ರ ಕಲ್ಲಿನ ಮೇಲೆ ಹಾಯ್ದ ಮೇಲೆ ಯಾವ ಕೈಯ ಗುರುತೂ ಉಳಿಯುವುದಿಲ್ಲ. ಅದಕ್ಕೇ ಅಲ್ಲವೇ ಜನ ಕಾಸು ಕೊಡುವುದು.

ಮೊದಲ ಭಾನುವಾರ ಹೋಗಲಿಲ್ಲ. ಎರಡನೆಯದಕ್ಕೂ. ಮೂರನೇ ಭಾನುವಾರ ಅಮ್ಮ, "ಬೆಳಗಿನಿಂದ ಆ ಗೋಡೆ ನೋಡ್ತಾ ಕೂತಿದೀಯ. ನೋಡೋದೇ ಆದ್ರೆ ಹೋಗಿ ಕೊಳದ ಗೋಡೆ ನೋಡು, ಈ ಗೋಡೆಗೆ ಸುಣ್ಣ ಹೊಡೆದೇ ಎಂಟು ವರ್ಷ ಆಯ್ತು, ನನಗೆ ನಾಚಿಕೆ ಆಗತ್ತೆ," ಎಂದಳು. ಎದ್ದು ಹೋದ.

ಹೊಸ ಗೈಡ್ ಹುಡುಗಿ ಒಳ್ಳೆಯವಳು. ಇತಿಹಾಸದಲ್ಲಿ ಪದವಿ, ಕೊರಳಿಗೆ ಪ್ರಮಾಣಪತ್ರದ ಕಾರ್ಡು. ಅವನನ್ನು ಕಂಡ ಕೂಡಲೇ, "ನಿಮ್ಮ ಬಗ್ಗೆ ಅಕ್ಕ ತುಂಬ ಹೇಳಿದಾರೆ," ಎಂದು ಕೈ ಮುಗಿದಳು. ದ್ವೇಷಿಸಲು ಅಲ್ಲೂ ಅವಕಾಶ ಸಿಗಲಿಲ್ಲ. ಅವಳು ಮುಂದೆ ನಡೆದಳು. ಹನ್ನೊಂದು ಸಂಸಾರಗಳು ಅವಳ ಹಿಂದೆ. ಎಲ್ಲರ ಹಿಂದೆ, ಎರಡು ಹೆಗಲಿಗೂ ಬಾಟಲಿಯ ಚೀಲ ಹಾಕಿಕೊಂಡು ಅವನು.

ತಂತಿಬೇಲಿ ಬಂದಿತ್ತು. ಹೊಸ ಬಣ್ಣದ ವಾಸನೆ. ಹತ್ತಡಿಯಿಂದ ಗೋಡೆ ಬರೀ ಗೋಡೆ. ಅರ್ಧಚಂದ್ರ ಇರಲಿ, ಏಣಿಯೂ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಬಿಳಿ ಗೀರುಗಳು ಮಾತ್ರ: ಬೆಕ್ಕು, ಬ್ಯಾಟು, ಎರಡು ಹೃದಯ. ಅವು ಬೇಲಿಯ ಈಚೆಗೂ ಚೆನ್ನಾಗಿ ಕಾಣುತ್ತಿದ್ದವು. ಜನ ಅವನ್ನು ನೋಡಿ ತಲೆ ಅಲ್ಲಾಡಿಸುತ್ತಿದ್ದರು. "ಎಂಥಾ ಜನ ಇರ್ತಾರೆ ನೋಡು," ಎಂದಳು ಒಬ್ಬ ಹೆಂಗಸು ಗಂಡನಿಗೆ.

"ಈ ಕೊಳವನ್ನು ಒಂದೇ ವರ್ಷದಲ್ಲಿ ಕಟ್ಟಿಸಲಾಯಿತು," ಎಂದು ಹುಡುಗಿ ಮೆಟ್ಟಿಲ ಕೆಳಗಿನಿಂದ ಹೇಳುತ್ತಿದ್ದಳು. ಅವಳ ಕಣ್ಣು ಒಂದು ಸಲ ಅವನ ಕಡೆ ಬಂದು ಸರಕ್ಕನೆ ಹೊರಳಿತು. ಅವಳಿಗೂ ಅನುಮಾನವಿತ್ತೋ ಏನೋ. ಇದ್ದರೂ ಕಾರ್ಡು ಅವಳ ಕೊರಳಲ್ಲಿತ್ತು.

ಸಾಲಿನ ಕೊನೆಯಲ್ಲಿ ಒಬ್ಬ ದರ್ಜಿ, ಹೆಗಲ ಮೇಲೆ ಮೂರು ವರ್ಷದ ಮಗಳನ್ನು ಕೂರಿಸಿಕೊಂಡಿದ್ದ. ಅಂಗಿಯ ಕಾಲರಿಗೆ ಸೂಜಿಯೊಂದನ್ನು ಚುಚ್ಚಿಕೊಂಡು ಮರೆತಿದ್ದ. ಇಡೀ ಗುಂಪು ಕೆಳಗಿಳಿದರೂ ಇವರಿಬ್ಬರು ನಿಂತೇ ಇದ್ದರು, ಏಕೆಂದರೆ ಮಗು ಅಪ್ಪನ ಕೂದಲು ಜಗ್ಗಿ ಗೋಡೆಯ ಮೇಲಿನ ಮೂಲೆಗೆ ಬೆರಳು ಚಾಚಿತ್ತು. ಎರಡು ಕಲ್ಲಿನ ಸಂದಿಯಲ್ಲಿ ಬೂದು ಬಣ್ಣದ ಪುಟ್ಟ ಹಕ್ಕಿಯೊಂದು ನುಗ್ಗುತ್ತಿತ್ತು, ಹೊರಬರುತ್ತಿತ್ತು, ಕೊಕ್ಕಿನಲ್ಲಿ ಹಸಿ ಮಣ್ಣಿನ ಉಂಡೆ. ಸಂದಿಯ ಬಾಯಿಗೆ ಮಣ್ಣು ಮೆತ್ತಿ, ತನ್ನ ಮೈ ಹಿಡಿಯುವಷ್ಟೇ ತೂತು ಬಿಡುತ್ತಿತ್ತು. ಕಲ್ಲಣ್ಣನಿಗೆ ಆ ಸಂದಿ ಗೊತ್ತಿತ್ತು. ಆ ಹಕ್ಕಿಯ ಅಮ್ಮನೂ ಗೊತ್ತಿದ್ದಳು. ಎಷ್ಟು ದಿನಕ್ಕೆ ಮರಿ, ಯಾವ ಹೊತ್ತಿಗೆ ಹುಳ, ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು.

"ಅಪ್ಪಾ, ಅದ್ಯಾಕೆ ಮಣ್ಣು ತಿಂತಿದೆ?" ಎಂದಿತು ಮಗು.

ದರ್ಜಿ ಸುತ್ತ ನೋಡಿದ. ಗೈಡ್ ಬಹಳ ಕೆಳಗಿದ್ದಳು. ಹತ್ತಿರವಿದ್ದವನು ಇವನೊಬ್ಬನೇ. ಬೇಲಿಯ ತುದಿಯಲ್ಲಿ ಶಿಳ್ಳೆ ಸ್ಟೂಲಿನ ಮೇಲೆ ಕೂತು ಇತ್ತಲೇ ನೋಡುತ್ತಿದ್ದ, ಪೀಪಿ ಬಾಯಲ್ಲಿ.

"ಅಣ್ಣಾ," ಎಂದ ದರ್ಜಿ, ತೊಂದರೆ ಕೊಡುತ್ತಿದ್ದೇನೇನೋ ಎಂಬ ಸಂಕೋಚದಲ್ಲಿ. "ಅದು ಯಾವ ಹಕ್ಕಿ? ಆಗಲಿಂದ ತಲೆ ತಿಂತಿದಾಳೆ ಇವಳು. ನಾವು ಇಂಥಾ ಕಡೆಗೆಲ್ಲ ಬಂದಿದ್ದೇ ಇಲ್ಲ. ನಿಮಗೆ ಗೊತ್ತಿರತ್ತಲ್ವಾ? ನೀವೂ ಇಲ್ಲಿ ಗೈಡಾ?"

ಮಗು ಹೆಗಲ ಮೇಲಿಂದ ಬಗ್ಗಿ ಅವನ ಬಾಯನ್ನೇ ನೋಡುತ್ತಿತ್ತು.

ಕಲ್ಲಣ್ಣ ಚೀಲದಿಂದ ಒಂದು ನೀರಿನ ಬಾಟಲಿ ತೆಗೆದು ದರ್ಜಿಯ ಕೈಗೆ ಕೊಟ್ಟ. ಚೀಲದ ಪಟ್ಟಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡ. ಆಮೇಲೆ ಅವರಿಬ್ಬರಿಗೂ ಬೆನ್ನು ತಿರು‌ಗಿಸಿ, ಒಂದು ಮಾತೂ ಆಡದೆ, ಮೆಟ್ಟಿಲು ಹತ್ತಿ ಗೇಟಿನ ಕಡೆಗೆ ನಡೆದುಹೋದ.